ಆಫೀಸಿನ ಫೋನ್ ಜ್ಯಾಕಿಗೆ ಲ್ಯಾಪ್‌ಟಾಪ್ ಸಿಕ್ಕಿಸುವ ಮುಂಚೆ

ಡಯಲಪ್, ಅಂದರೆ ಫೋನ್ ಲೈನಿನಲ್ಲಿ ಮೋಡೆಮ್ (ಡೇಟಾವನ್ನು ಸದ್ದಾಗಿಸಿ ಕಳಿಸುವ ಸಾಧನ) ಮೂಲಕ ಡಯಲ್ ಮಾಡಿ ಪಡೆಯುವ ಸಂಪರ್ಕ, ಕೈಕೊಟ್ಟಾಗ ಎಲ್ಲರೂ ಮೊದಲು ಓಡುವುದು ಕಂಟ್ರೋಲ್ ಪ್ಯಾನೆಲ್‌ಗೆ. ಡ್ರೈವರ್ ಕಿತ್ತು ಮತ್ತೆ ಹಾಕುವುದು, ಕನೆಕ್ಷನ್ ಅಳಿಸಿ ಹೊಸದು ಮಾಡುವುದು, ಪಾಸ್‌ವರ್ಡ್ ಮತ್ತೆ ಮತ್ತೆ ಒತ್ತುವುದು. ಆದರೆ ಮನೆಯ ಲೈನಿನಲ್ಲಿ ನಿನ್ನೆ ರಾತ್ರಿ ಚೆನ್ನಾಗಿ ಓಡಿದ ಲ್ಯಾಪ್‌ಟಾಪ್ ಇವತ್ತು ಆಫೀಸಿನ ಜ್ಯಾಕಿನಲ್ಲಿ ಡಯಲ್‌ಟೋನೇ ಇಲ್ಲ ಎನ್ನುತ್ತಿದ್ದರೆ ಲ್ಯಾಪ್‌ಟಾಪಿನಲ್ಲಿ ಹುಡುಕಿ ಫಲವಿಲ್ಲ. ಆ ಜ್ಯಾಕಿನ ಹಿಂದೆ ಎಂಥ ಲೈನ್ ಇದೆ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಈ ಕಾಲದಲ್ಲಿ ಡಯಲಪ್ ಯಾರಿಗೆ ಬೇಕು ಎಂದು ಕೇಳಬಹುದು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ದಾರಿ ಇದೊಂದೇ ಇತ್ತು. ಆಮೇಲೆ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಬಂತು, ಅದಕ್ಕೆ ಡಯಲ್ ಮಾಡುವ 172233 ಎಂಬ ನಂಬರ್ ಅನೇಕರಿಗೆ ಬಾಯಿಪಾಠವಾಯಿತು. ಅಮೆರಿಕದ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ಡಯಲಪ್ ಅಂಗಡಿ ಮುಚ್ಚಿತು. ಆದರೂ ದೂರದ ಕಟ್ಟಡದಲ್ಲಿರುವ ಹಳೇ ಇಪಿಎಬಿಎಕ್ಸ್ (ಆಫೀಸಿನ ಫೋನುಗಳನ್ನು ಕೂಡಿಸುವ ಒಳ ಎಕ್ಸ್‌ಚೇಂಜ್) ಅನ್ನು ಮೋಡೆಮ್ ಮೂಲಕ ಪ್ರೋಗ್ರಾಂ ಮಾಡುವವರು, ಹಳೇ ಡೇಟಾ ಲಾಗರ್ ಓದುವವರು, ವಿಂಡೋಸ್ 98ರ ಲ್ಯಾಪ್‌ಟಾಪ್‌ಗೆ ಜೀವ ಕೊಡುವ ಹವ್ಯಾಸಿಗಳು ಇನ್ನೂ ಇದ್ದಾರೆ. ಅವರೆಲ್ಲರಿಗೂ ಕಾಡುವುದು ಅದೇ ಹಳೆಯ ತೊಂದರೆಗಳು.

ಜ್ಯಾಕಿನ ಹಿಂದೆ ಏನಿದೆ?

ನೋಡುವುದಕ್ಕೆ ಎಲ್ಲವೂ ಒಂದೇ ಆರ್‌ಜೆ11 ತೂತು. ಹಿಂದೆ ಮಾತ್ರ ನಾಲ್ಕು ಥರದ ಲೈನ್ ಇರಬಹುದು. ಎಕ್ಸ್‌ಚೇಂಜಿನಿಂದ ನೇರ ಬಂದ ಡೈರೆಕ್ಟ್ ಲೈನ್. ಇಪಿಎಬಿಎಕ್ಸ್‌ನ ಅನಲಾಗ್ ಎಕ್ಸ್‌ಟೆನ್ಷನ್. ಇಪಿಎಬಿಎಕ್ಸ್‌ನ ಡಿಜಿಟಲ್ ಎಕ್ಸ್‌ಟೆನ್ಷನ್. ಇಲ್ಲವೇ ಐಪಿ ಫೋನಿನ ನೆಟ್‌ವರ್ಕ್ ಪಾಯಿಂಟ್. ಮೊದಲೆರಡರಲ್ಲಿ ಮೋಡೆಮ್ ಓಡುತ್ತದೆ. ಉಳಿದೆರಡರಲ್ಲಿ ಓಡುವುದಿಲ್ಲ, ಮೂರನೆಯದರಲ್ಲಂತೂ ಮೋಡೆಮ್ ಸುಟ್ಟುಹೋಗುವ ಅಪಾಯವೂ ಉಂಟು.

ಸುಡುವುದೇಕೆ? ಸಾಮಾನ್ಯ ಅನಲಾಗ್ ಲೈನಿನಲ್ಲಿ ರಿಸೀವರ್ ಕೆಳಗಿದ್ದಾಗ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಎತ್ತಿದ ಕೂಡಲೇ ಅದು ಹತ್ತರ ಆಸುಪಾಸಿಗೆ ಇಳಿದು 20ರಿಂದ 40 ಮಿಲಿಆಂಪ್ ಕರೆಂಟ್ ಹರಿಯುತ್ತದೆ. ಲ್ಯಾಪ್‌ಟಾಪ್ ಮೋಡೆಮಿನ ಲೈನ್ ಭಾಗವನ್ನು ಈ ಲೆಕ್ಕಕ್ಕೇ ಕಟ್ಟಿರುತ್ತಾರೆ. ಡಿಜಿಟಲ್ ಪೋರ್ಟ್ ತನ್ನದೇ ಫೋನಿಗೆ ಪವರ್ ಮತ್ತು ಡೇಟಾ ಎರಡನ್ನೂ ಅದೇ ತಂತಿಯಲ್ಲಿ ಕಳಿಸುತ್ತದೆ. ಮೋಡೆಮ್ ಅದಕ್ಕೆ ಅಡ್ಡವಾಗಿ ಆಫ್‌ಹುಕ್ ಆದಾಗ, ಅಂದರೆ ಲೈನ್ ಎತ್ತಿದಾಗ, ಮಿತಿಮೀರಿ ಕರೆಂಟ್ ಎಳೆದುಕೊಳ್ಳಬಹುದು. ಕೆಲವು ಒಳ್ಳೆಯ ಪಿಸಿ ಕಾರ್ಡ್ ಮೋಡೆಮ್‌ಗಳಲ್ಲಿ ಇದನ್ನು ಗುರುತಿಸಿ ಕೈಬಿಡುವ ರಕ್ಷಣೆ ಇರುತ್ತಿತ್ತು. ಲ್ಯಾಪ್‌ಟಾಪಿನ ಒಳಗೇ ಕೂಡಿಸಿದ ಪುಟ್ಟ ಮೋಡೆಮ್ ಕಾರ್ಡಿನಲ್ಲಿ ಅದು ಇದೆ ಎಂದು ನಂಬಿಕೊಳ್ಳಬೇಡಿ.

ಪತ್ತೆ ಹಚ್ಚಲು ಮೊದಲು ಮೇಜಿನ ಮೇಲಿನ ಫೋನ್ ನೋಡಿ. ಎಲ್‌ಸಿಡಿ ಪರದೆ, ದೀಪವಿರುವ ಹತ್ತಾರು ಬಟನ್, ಬೇರೆ ಅಡಾಪ್ಟರ್ ಇಲ್ಲದೆಯೇ ಬೆಳಗುವ ಡಿಸ್‌ಪ್ಲೇ ಇದ್ದರೆ ಅದು ಆ ಇಪಿಎಬಿಎಕ್ಸ್ ಕಂಪನಿಯದೇ ವಿಶೇಷ ಫೋನು; ಆ ಜ್ಯಾಕನ್ನು ಡಿಜಿಟಲ್ ಎಂದೇ ಭಾವಿಸಿ. ಬೀಟೆಲ್ ಥರದ ಸಾದಾ ಪುಷ್‌ಬಟನ್ ಫೋನ್ ಇದ್ದರೆ ಬಹುತೇಕ ಅನಲಾಗ್. ಅನುಮಾನ ಉಳಿದರೆ ಒಂದು ಅಗ್ಗದ ಸಾದಾ ಫೋನನ್ನು ಆ ಜ್ಯಾಕಿಗೆ ಹಾಕಿ ಕಿವಿಗೆ ಹಿಡಿಯಿರಿ. ಡಯಲ್‌ಟೋನ್ ಬಂದು, ಒಂದು ಅಂಕಿ ಒತ್ತಿದಾಗ ಟೋನ್ ನಿಂತರೆ ಆ ಲೈನ್ ಮೋಡೆಮಿಗೆ ಸರಿ. ನಿಶ್ಶಬ್ದವಾಗಿದ್ದರೆ, ಅಥವಾ ಕಿರ್‍ರೆಂಬ ಸಣ್ಣ ಸದ್ದು ಮಾತ್ರ ಇದ್ದರೆ, ಲ್ಯಾಪ್‌ಟಾಪನ್ನು ಅದರ ಹತ್ತಿರ ತರಬೇಡಿ.

ಮಲ್ಟಿಮೀಟರ್ ಇದೆಯಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ವೋಲ್ಟೇಜ್ ಒಂದನ್ನೇ ಅಳೆದು ತೀರ್ಮಾನಕ್ಕೆ ಬರುವಂತಿಲ್ಲ. ಕೆಲವು ಡಿಜಿಟಲ್ ಪೋರ್ಟುಗಳಲ್ಲೂ 40ರಿಂದ 48 ವೋಲ್ಟ್ ತೋರಿಸುತ್ತದೆ. ಅನಲಾಗ್ ಆಗಿದ್ದೂ ಸಣ್ಣ ಇಪಿಎಬಿಎಕ್ಸ್‌ಗಳಲ್ಲಿ 24-30 ವೋಲ್ಟ್ ಮಾತ್ರ ಇರಬಹುದು. ಸಾದಾ ಫೋನಿನ ಪರೀಕ್ಷೆಯೇ ಮೀಟರಿಗಿಂತ ನಂಬಿಕಸ್ಥ. ಮೀಟರಿನ ಆಂಪಿಯರ್ ರೇಂಜನ್ನು ನೇರವಾಗಿ ಎರಡು ತಂತಿಗೆ ಅಡ್ಡ ಹಿಡಿಯುವುದಂತೂ ಬೇಡ. ಕರೆಂಟ್ ನೋಡಲೇಬೇಕಿದ್ದರೆ ಫೋನಿನ ಜೊತೆ ಸೀರೀಸ್‌ನಲ್ಲಿ ಹಾಕಿ. ಬರಿಗೈಯಲ್ಲಿ ತಂತಿ ಹಿಡಿದಿರುವಾಗ ಯಾರಾದರೂ ಕರೆ ಮಾಡಿದರೆ 75 ವೋಲ್ಟ್ ಎಸಿ ರಿಂಗ್ ಬರುತ್ತದೆ, ಶಾಕ್ ಚೆನ್ನಾಗಿಯೇ ಹೊಡೆಯುತ್ತದೆ.

ಪ್ಯಾನಾಸೋನಿಕ್‌ನ ಹೈಬ್ರಿಡ್ ಸಿಸ್ಟಂಗಳ ಕತೆ ಸ್ವಲ್ಪ ಬೇರೆ. ನಮ್ಮ ಸಣ್ಣ ಆಫೀಸುಗಳಲ್ಲಿ ಎಲ್ಲೆಲ್ಲೂ ಕಾಣುವ ಟಿಇಎಸ್824 ಇದೇ ಜಾತಿಯದು. ಇದರ ಹೈಬ್ರಿಡ್ ಪೋರ್ಟಿನಲ್ಲಿ ನಾಲ್ಕು ತಂತಿ: ಮಧ್ಯದ ಎರಡರಲ್ಲಿ ಮಾತು, ಹೊರಗಿನ ಎರಡರಲ್ಲಿ ಕೀಫೋನಿನ (ಆ ಕಂಪನಿಯದೇ ವಿಶೇಷ ಫೋನಿನ) ಡೇಟಾ. ಮಧ್ಯದ ಜೋಡಿ ಅನಲಾಗ್ ಆಗಿರುವುದರಿಂದ ಮೋಡೆಮ್ ಅಲ್ಲಿ ನಡೆಯುತ್ತದೆ. ಆದರೆ ಬಳಸುವ ಫೋನ್ ಕೇಬಲ್ ಎರಡು ತಂತಿಯದಾಗಿರಲಿ. ನಾಲ್ಕು ತಂತಿಯ ಕೇಬಲ್ ಹಾಕಿ ಹೊರಗಿನ ಡೇಟಾ ತಂತಿಯನ್ನು ಮೋಡೆಮಿನವರೆಗೆ ಎಳೆದು ತರುವ ಅಗತ್ಯವೇನೂ ಇಲ್ಲ.

ಇಷ್ಟೆಲ್ಲ ತಲೆಬಿಸಿ ಬೇಡ ಎಂದರೆ ಅತಿ ಸುಲಭದ ದಾರಿ ಫ್ಯಾಕ್ಸ್ ಮೆಷಿನ್. ಅದರೊಳಗಿರುವುದೂ ಮೋಡೆಮೇ ಆದ್ದರಿಂದ ಅದಕ್ಕೆ ಕೊಟ್ಟ ಲೈನ್ ಅನಲಾಗ್ ಆಗಿರಲೇಬೇಕು, ಬಹಳ ಕಡೆ ಅದು ಇಪಿಎಬಿಎಕ್ಸ್ ಮುಟ್ಟದ ಡೈರೆಕ್ಟ್ ಲೈನ್ ಕೂಡ. ರಿಸೆಪ್ಷನ್‌ನವರನ್ನು ಕೇಳಿ, ಫ್ಯಾಕ್ಸ್ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆ ಬಳಸಿಕೊಳ್ಳಿ. ಬೇರೆ ಉಪಾಯಗಳಿಗಿಂತ ನಾನು ಮೊದಲು ಹೇಳುವುದು ಇದನ್ನೇ.

ಡಿಜಿಟಲ್ ಫೋನ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ, ಹ್ಯಾಂಡ್‌ಸೆಟ್ ಮತ್ತು ಫೋನಿನ ನಡುವಿನ ಸುರುಳಿ ತಂತಿಯ ಜಾಗದಲ್ಲಿ ಸಿಕ್ಕಿಸುವ ಅಡಾಪ್ಟರ್ ಡಬ್ಬಿಗಳು ಬರುತ್ತಿದ್ದವು. ಹ್ಯಾಂಡ್‌ಸೆಟ್ಟಿನಲ್ಲಿರುವುದು ಯಾವತ್ತೂ ಅನಲಾಗ್ ಧ್ವನಿ ಎಂಬುದೇ ಅದರ ಗುಟ್ಟು. ಒಂದೊಂದು ಫೋನಿನ ಹ್ಯಾಂಡ್‌ಸೆಟ್ ವೈರಿಂಗ್ ಒಂದೊಂದು ಥರ ಇರುವುದರಿಂದ ಡಬ್ಬಿಯ ಮೇಲೆ ಸ್ವಿಚ್ ಇರುತ್ತದೆ. ಟೋನ್ ಸ್ಪಷ್ಟವಾಗಿ ಕೇಳುವ ಸ್ಥಾನಕ್ಕೆ ಅದನ್ನು ತಿರುಗಿಸಬೇಕು. ನಂಬರನ್ನು ಫೋನಿನಲ್ಲೇ ಕೈಯಿಂದ ಒತ್ತಬೇಕು. ವೇಗ ಕಡಿಮೆ, ಆದರೆ ಮೇಲ್ ಇಳಿಸಿಕೊಳ್ಳಲು ಸಾಕು.

ಗೋಡೆಯಲ್ಲಿ ಆರ್‌ಜೆ45 ಜ್ಯಾಕ್ ಇದ್ದರೆ ಆರ್‌ಜೆ11 ಪ್ಲಗ್ ಅದರೊಳಗೂ ಹೋಗಿ ಕೂರುತ್ತದೆ. ಮಧ್ಯದ 4 ಮತ್ತು 5ನೇ ಪಿನ್, ಅಂದರೆ ನೀಲಿ ಜೋಡಿ, ಸರಿಯಾಗಿ ತಾಗುವುದರಿಂದ ಸ್ಟ್ರಕ್ಚರ್ಡ್ ಕೇಬಲಿಂಗ್ ಇರುವ ಆಫೀಸುಗಳಲ್ಲಿ ಇದೇ ಪಾಯಿಂಟಿನಲ್ಲಿ ಅನಲಾಗ್ ಫೋನ್ ಓಡಿಸುತ್ತಾರೆ. ತಪ್ಪೇನಿಲ್ಲ. ಆದರೆ ಆ ಕೇಬಲ್ ರ‍್ಯಾಕ್‌ನಲ್ಲಿ ವಾಯ್ಸ್ ಪ್ಯಾನೆಲ್‌ಗೆ ಹೋಗಿದೆಯೋ ನೆಟ್‌ವರ್ಕ್ ಸ್ವಿಚ್‌ಗೆ ಹೋಗಿದೆಯೋ ಎಂದು ಕೇಳಿಕೊಳ್ಳಿ. ಇದರ ಉಲ್ಟಾ ಎಡವಟ್ಟೂ ಬಲು ಸಾಮಾನ್ಯ: ಲ್ಯಾಪ್‌ಟಾಪಿನಲ್ಲಿ ಮೋಡೆಮ್ ಮತ್ತು ಲ್ಯಾನ್ ತೂತುಗಳು ಅಕ್ಕಪಕ್ಕ ಇರುತ್ತವೆ, ಫೋನ್ ಪ್ಲಗ್ ಲ್ಯಾನ್ ತೂತಿಗೆ ಹೋಗಿ ಸಡಿಲವಾಗಿ ಕೂತಿರುತ್ತದೆ, ಮೋಡೆಮ್ ಪಾಪ ಡಯಲ್‌ಟೋನ್ ಇಲ್ಲ ಎಂದು ಹೇಳುತ್ತಲೇ ಇರುತ್ತದೆ.

ಸೊನ್ನೆ, ಅಲ್ಪವಿರಾಮ, ನಂಬರು

ಲೈನ್ ಅನಲಾಗ್ ಎಂದು ಖಾತ್ರಿಯಾಯಿತು. ಫೋನಿನಲ್ಲಿ ಟೋನ್ ಕೇಳುತ್ತದೆ. ಆದರೂ ವಿಂಡೋಸ್ 680 ಎರರ್ ಕೊಟ್ಟು ಡಯಲ್‌ಟೋನ್ ಇಲ್ಲ ಎನ್ನುತ್ತದೆ. ಕಾರಣ ಸರಳ: ಮೋಡೆಮ್ ನಿರೀಕ್ಷಿಸುವುದು ಎಡೆಬಿಡದೆ ಬರುವ ಎಕ್ಸ್‌ಚೇಂಜ್ ಟೋನನ್ನು. ಭಾರತದಲ್ಲಿ ಅದು 25 ಹರ್ಟ್ಸ್‌ನಲ್ಲಿ ಅಲೆಯುವ 400 ಹರ್ಟ್ಸ್ ಸದ್ದು, ಅಮೆರಿಕದಲ್ಲಿ 350 ಮತ್ತು 440 ಹರ್ಟ್ಸ್ ಕೂಡಿದ್ದು. ಇಪಿಎಬಿಎಕ್ಸ್ ಕೊಡುವ ಒಳಟೋನು ಇದಾವುದನ್ನೂ ಹೋಲಬೇಕಿಲ್ಲ, ಹಲವು ಸಿಸ್ಟಂಗಳಲ್ಲಿ ತುಂಡುತುಂಡಾಗಿ ಬರುತ್ತದೆ. ಎಕ್ಸ್‌ಟೆನ್ಷನ್ನಿಗೆ ವಾಯ್ಸ್‌ಮೇಲ್ ಬಂದು ಕೂತಿದ್ದರೂ, ಕಾಲ್ ಫಾರ್ವರ್ಡ್ ಹಾಕಿದ್ದರೂ ಟೋನ್ ತೊದಲುತ್ತದೆ. ಮನುಷ್ಯರ ಕಿವಿಗೆ ಅದು ಟೋನೇ, ಮೋಡೆಮಿಗೆ ಅಲ್ಲ.

ಪರಿಹಾರವೆಂದರೆ ಟೋನಿಗೆ ಕಾಯದೆ ಡಯಲ್ ಮಾಡು ಎಂದು ಹೇಳುವುದು. ವಿಂಡೋಸ್ ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್, ಫೋನ್ ಅಂಡ್ ಮೋಡೆಮ್ ಆಪ್ಷನ್ಸ್, ಮೋಡೆಮ್ಸ್, ಪ್ರಾಪರ್ಟೀಸ್. ಅಲ್ಲಿ ಮೋಡೆಮ್ ಎಂಬ ಟ್ಯಾಬಿನಲ್ಲಿ 'ವೇಟ್ ಫಾರ್ ಡಯಲ್ ಟೋನ್ ಬಿಫೋರ್ ಡಯಲಿಂಗ್' ಎಂಬುದರ ಗುರುತು ತೆಗೆಯಿರಿ. ಇದೇ ಕೆಲಸಕ್ಕೆ ಮೋಡೆಮಿಗೆ ನೇರವಾಗಿ ಕೊಡುವ ಎಟಿ ಆಜ್ಞೆ ಎಟಿಎಕ್ಸ್3. (ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು ಎಂದು ಬೇರೆ ಹೇಳಬೇಕಿಲ್ಲ ತಾನೆ.) ಮೋಡೆಮ್ ಹೊರಬರುವಾಗ ಇರುವ ಸ್ಥಿತಿ ಎಕ್ಸ್4: ಡಯಲ್‌ಟೋನಿಗೂ ಕಾಯುತ್ತದೆ, ಎಂಗೇಜ್ ಟೋನನ್ನೂ ಗುರುತಿಸುತ್ತದೆ. ಎಕ್ಸ್3 ಹಾಕಿದರೆ ಡಯಲ್‌ಟೋನಿಗೆ ಕಾಯುವುದಿಲ್ಲ, ಎಂಗೇಜ್ ಗುರುತಿಸುವುದು ಉಳಿಯುತ್ತದೆ. ಕೆಲವರು ಎಕ್ಸ್1 ಹಾಕಿಬಿಡುತ್ತಾರೆ. ಆಗ ಎಂಗೇಜ್ ಟೋನ್ ಬಂದರೂ ಮೋಡೆಮ್ ಸುಮ್ಮನೆ ಒಂದು ನಿಮಿಷ ಕೇಳಿಸಿಕೊಂಡು ಕೂರುತ್ತದೆ. ಎಕ್ಸ್3 ಸಾಕು.

ಈಗ ಹೊರಲೈನು. ನಮ್ಮಲ್ಲಿ ಹೆಚ್ಚಾಗಿ 0, ಕೆಲವು ಕಡೆ 9. ಸೊನ್ನೆ ಒತ್ತಿದ ಮೇಲೆ ಇಪಿಎಬಿಎಕ್ಸ್ ಖಾಲಿ ಟ್ರಂಕ್ (ಎಕ್ಸ್‌ಚೇಂಜಿಗೆ ಹೋಗುವ ಲೈನ್) ಹುಡುಕಿ ಎಕ್ಸ್‌ಚೇಂಜಿನ ಟೋನ್ ತರಲು ಒಂದೆರಡು ಸೆಕೆಂಡ್ ಬೇಕು. ಮೋಡೆಮ್ ಅಷ್ಟರೊಳಗೆ ನಂಬರನ್ನು ಗಡಗಡನೆ ಒತ್ತಿ ಮುಗಿಸಿರುತ್ತದೆ. ಮೊದಲ ಒಂದೆರಡು ಅಂಕಿ ಗಾಳಿಗೆ ಹೋಗಿ ರಾಂಗ್ ನಂಬರ್ ಆಗುತ್ತದೆ. ಅದಕ್ಕೇ ನಡುವೆ ಅಲ್ಪವಿರಾಮ, ಉದಾಹರಣೆಗೆ: 0,172233. ಒಂದು ಅಲ್ಪವಿರಾಮಕ್ಕೆ ಎರಡು ಸೆಕೆಂಡ್ ವಿರಾಮ. ಆ ಅವಧಿಯನ್ನು ಮೋಡೆಮಿನೊಳಗಿನ ಎಸ್8 ರಿಜಿಸ್ಟರ್ (ಸೆಟ್ಟಿಂಗ್ ಇಡುವ ಜಾಗ) ಹಿಡಿದಿರುತ್ತದೆ. ನಿಧಾನದ ಸಿಸ್ಟಂ ಆದರೆ ಎರಡು ಹಾಕಿ. ಅಲ್ಪವಿರಾಮದ ಬದಲು ಡಬ್ಲ್ಯೂ ಹಾಕಿದರೆ ಮೋಡೆಮ್ ಎರಡನೇ ಟೋನ್ ಕೇಳುವವರೆಗೆ ಕಾಯುತ್ತದೆ. ಕೇಳಲು ಇದೇ ಜಾಣತನ ಎನಿಸುತ್ತದೆ, ಆದರೆ ಆ ಟೋನನ್ನೂ ಮೋಡೆಮ್ ಗುರುತಿಸಬೇಕಲ್ಲ. ಅಲ್ಪವಿರಾಮವೇ ನೆಮ್ಮದಿ.

ಸೊನ್ನೆಯಿಂದ ಇನ್ನೊಂದು ಗೊಂದಲವಿದೆ. ವಿಂಡೋಸಿನ ಡಯಲಿಂಗ್ ರೂಲ್ಸ್‌ನಲ್ಲಿ ಏರಿಯಾ ಕೋಡ್ ಕೇಳಿದಾಗ ಬೆಂಗಳೂರಿಗೆ 80, ಮೈಸೂರಿಗೆ 821 ಎಂದು ಮಾತ್ರ ಕೊಡಬೇಕು. 080 ಎಂದು ಕೊಟ್ಟರೆ ಎಸ್‌ಟಿಡಿಯ ಸೊನ್ನೆಯನ್ನು ವಿಂಡೋಸ್ ತಾನೂ ಒಂದು ಸೇರಿಸಬಹುದು, ಜೊತೆಗೆ ಹೊರಲೈನಿನ ಸೊನ್ನೆ ಬೇರೆ. ಮೂರು ಸೊನ್ನೆಗಳ ಕರೆ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಪದೇ ಪದೇ ಜಾಗ ಬದಲಿಸುವವರಲ್ಲದಿದ್ದರೆ ಡಯಲಿಂಗ್ ರೂಲ್ಸ್ ಪೂರ್ತಿ ಬಿಟ್ಟು, ಕನೆಕ್ಷನ್ನಿನ ನಂಬರ್ ಪೆಟ್ಟಿಗೆಯಲ್ಲೇ 0,172233 ಎಂದು ಇದ್ದದ್ದನ್ನು ಇದ್ದಂತೆ ಬರೆದುಬಿಡುವುದು ಉತ್ತಮ. ಅದೇ ಪುಟದಲ್ಲಿ ಕಾಲ್ ವೇಟಿಂಗ್ ನಿಲ್ಲಿಸಲು *70 ಎಂಬ ಸಲಹೆ ಕಾಣುತ್ತದೆ. ಅದು ಅಮೆರಿಕದ ಕೋಡ್. ಇಲ್ಲಿ ಗುರುತು ಹಾಕಿದರೆ ನಂಬರಿನ ಮುಂದೆ ಕಸ ಸೇರಿ ಕರೆಯೇ ಹೋಗುವುದಿಲ್ಲ.

ಸೊನ್ನೆ ಸರಿ, ಟೋನ್ ಬಂತು, 1 ಒತ್ತುತ್ತಿದ್ದಂತೆ ಟುಂಯ್ ಟುಂಯ್ ಎಂದು ಬೇರೆ ಟೋನ್ ಬಂದರೆ ಅದು ಇಪಿಎಬಿಎಕ್ಸ್‌ನ ಬಾರಿಂಗ್. ಆಫೀಸಿನವರು ಎಸ್‌ಟಿಡಿ ತಡೆಯಲು 0ಯಿಂದ ಶುರುವಾಗುವ ನಂಬರ್ ತಡೆಹಿಡಿದಿರುತ್ತಾರೆ. ಜೊತೆಗೆ 1ರಿಂದ ಶುರುವಾಗುವ ವಿಶೇಷ ಸೇವೆಗಳನ್ನೂ ಕಟ್ ಮಾಡಿರುವುದುಂಟು. ಆಗ 172ರ ಸರಣಿಯೂ ಅದರ ಜೊತೆಗೇ ಹೋಗುತ್ತದೆ. ಲ್ಯಾಪ್‌ಟಾಪಿನಿಂದ ಇದಕ್ಕೆ ಏನೂ ಮಾಡಲಾಗದು. ಇಪಿಎಬಿಎಕ್ಸ್ ನೋಡಿಕೊಳ್ಳುವವರಿಗೆ ಹೇಳಿ ಆ ಎಕ್ಸ್‌ಟೆನ್ಷನ್ನಿನ ಕ್ಲಾಸ್ ಆಫ್ ಸರ್ವಿಸ್ ಬದಲಿಸಬೇಕು, ಇಲ್ಲವೇ ಆ ನಂಬರಿಗಷ್ಟೇ ವಿನಾಯಿತಿ ಹಾಕಿಸಬೇಕು. ಅದೇ ಭೇಟಿಯಲ್ಲಿ ಇನ್ನೆರಡು ಕೆಲಸ ಮಾಡಿಸಿಕೊಳ್ಳಿ, ಮುಂದೆ ಹೇಳುತ್ತೇನೆ.

ಟೋನ್ ಡಯಲಿಂಗ್ ಕೆಲಸ ಮಾಡದಿದ್ದರೆ ಪಲ್ಸ್ (ಲೈನನ್ನು ಟಕಟಕ ಕಡಿದು ಅಂಕಿ ಕಳಿಸುವ ಹಳೇ ವಿಧಾನ) ನೋಡಬೇಕು, ಎಟಿಡಿಟಿ ಬದಲು ಎಟಿಡಿಪಿ. ಎಕ್ಸ್‌ಚೇಂಜುಗಳ ಮಟ್ಟದಲ್ಲಿ ಈ ತೊಂದರೆ ಬಹಳ ಹಿಂದೆಯೇ ಕರಗಿತು. ಸರ್ಕಾರಿ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಗಿದ್ದು. ಅಂಥವು ಹಬ್ಬಿದಂತೆ ಹಳ್ಳಿಗಳಲ್ಲೂ ಟೋನ್ ಬಂತು. ಹಳೇ ಫ್ಯಾಕ್ಟರಿಗಳ ಇಪಿಎಬಿಎಕ್ಸ್‌ಗಳಲ್ಲಿ ಮಾತ್ರ ಟ್ರಂಕ್ ಪಲ್ಸ್‌ಗೇ ಸೆಟ್ ಆಗಿ ಉಳಿದಿರುವುದುಂಟು. ಆಗ ಇಪಿಎಬಿಎಕ್ಸ್ ಮೋಡೆಮಿನ ಟೋನನ್ನು ಪಲ್ಸಾಗಿಸಿ ನಿಧಾನವಾಗಿ ಕಳಿಸುತ್ತದೆ, ಕರೆ ಕೂಡಲು ಹತ್ತು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಮೋಡೆಮ್ ಬೇಸತ್ತು ಕೈಬಿಡುತ್ತದೆ. ಕ್ಯಾರಿಯರಿಗೆ, ಅಂದರೆ ಆ ಕಡೆಯ ಮೋಡೆಮಿನ ಸದ್ದಿಗೆ, ಕಾಯುವ ಅವಧಿ ಎಸ್7 ರಿಜಿಸ್ಟರಿನಲ್ಲಿದೆ. ಎಸ್7=90 ಎಂದು ಬೆಳೆಸಿ. ವಿಂಡೋಸಿನಲ್ಲೂ ಇಷ್ಟು ಸೆಕೆಂಡಿನಲ್ಲಿ ಸಿಗದಿದ್ದರೆ ಕರೆ ರದ್ದು ಮಾಡು ಎಂಬ ಪೆಟ್ಟಿಗೆ ಇದೆ, ಅದನ್ನೂ ಬೆಳೆಸಬೇಕು.

ಸ್ಪೀಕರ್ ಬಂದ್ ಮಾಡಬೇಡಿ

ಗಲಾಟೆ ಎಂದು ಮೋಡೆಮಿನ ಸ್ಪೀಕರ್ ಬಂದ್ ಮಾಡುವವರೇ ಜಾಸ್ತಿ. ತೊಂದರೆ ಹುಡುಕುವಾಗ ಅದೇ ನಿಮ್ಮ ಅತ್ಯುತ್ತಮ ಸಾಧನ. ಎಟಿಎಂ1 ಎಂದರೆ ಕನೆಕ್ಟ್ ಆಗುವವರೆಗೆ ಸದ್ದು, ಎಂ0 ಎಂದರೆ ಪೂರ್ತಿ ಮೌನ.

ಕೇಳಬೇಕಾದ ಕ್ರಮ ಹೀಗೆ: ಲೈನ್ ಎತ್ತಿದ ಟಕ್, ಟೋನ್, ಸೊನ್ನೆ, ವಿರಾಮ, ಹೊರಟೋನ್, ಉಳಿದ ಅಂಕಿಗಳು, ರಿಂಗ್, ಆ ಕಡೆಯಿಂದ 2100 ಹರ್ಟ್ಸ್‌ನ ಉದ್ದನೆಯ ಕೀಚು ಧ್ವನಿ, ಎರಡೂ ಮೋಡೆಮ್‌ಗಳ ಚಿಲಿಪಿಲಿ, ಒಂದೆರಡು ಡೊಂಯ್ ಡೊಂಯ್, ಕೊನೆಗೆ ಶ್ಶ್ ಎಂಬ ಭೋರ್ಗರೆತ, ಮೌನ. ಇದು ಎಲ್ಲಿ ಮುರಿಯಿತು ಎಂದು ತಿಳಿದರೆ ತಪ್ಪು ಎಲ್ಲಿದೆ ಎಂದೂ ತಿಳಿಯಿತು. ಟಕ್ ಸದ್ದೇ ಇಲ್ಲವೆಂದರೆ ಮೋಡೆಮ್ ಅಥವಾ ಡ್ರೈವರ್. ಅಂಕಿಗಳ ಬಳಿಕ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಈ ಮಾರ್ಗದ ಲೈನುಗಳೆಲ್ಲ ಬ್ಯುಸಿ ಎಂಬ ಅರ್ಥದ ಮಹಿಳೆಯ ಧ್ವನಿ ಬಂದರೆ ತಪ್ಪು ನಿಮ್ಮದಲ್ಲ. ಮೋಡೆಮಿಗೆ ಆ ಮೂರೂ ಭಾಷೆ ಬಾರದು, ಅದು 'ನೋ ಕ್ಯಾರಿಯರ್' ಎಂದು ಮಾತ್ರ ಹೇಳುತ್ತದೆ. ಚಿಲಿಪಿಲಿ ಶುರುವಾಗಿ ಭೋರ್ಗರೆತದಲ್ಲಿ ಸತ್ತರೆ ಲೈನಿನ ಗುಣಮಟ್ಟ ಕೆಟ್ಟಿದೆ. ಮೌನವಾದ ಮೇಲೆ, ಅಂದರೆ ಮೋಡೆಮ್‌ಗಳು ಕೈಕುಲುಕಿದ ಮೇಲೆ ಕೆಟ್ಟರೆ ಮಾತ್ರ ಯೂಸರ್‌ನೇಮ್, ಪಾಸ್‌ವರ್ಡ್, ಪಿಪಿಪಿ (ಲಾಗಿನ್ ಮತ್ತು ಸಂಪರ್ಕ ನಡೆಸುವ ಪ್ರೋಟೋಕಾಲ್) ಕಡೆ ನೋಡಬೇಕು.

ವಿಂಡೋಸಿನ ಎರರ್ ನಂಬರುಗಳೂ ಇದೇ ಮಾತನ್ನು ಹೇಳುತ್ತವೆ. 680 ಡಯಲ್‌ಟೋನ್ ಇಲ್ಲ. 676 ಎಂಗೇಜ್. 678 ಆ ಕಡೆಯಿಂದ ಉತ್ತರವಿಲ್ಲ. ಆಫೀಸುಗಳಲ್ಲಿ ಇದರ ಅರ್ಥ ಬಹುಮಟ್ಟಿಗೆ ನಂಬರ್ ತಪ್ಪಾಗಿ ಹೋಗಿದೆ ಎಂದು. 633 ಬಂದರೆ ಮೋಡೆಮನ್ನು ಇನ್ನೊಂದು ಪ್ರೋಗ್ರಾಂ ಹಿಡಿದುಕೊಂಡಿದೆ, ಸಾಮಾನ್ಯವಾಗಿ ಫ್ಯಾಕ್ಸ್ ಸಾಫ್ಟ್‌ವೇರ್. 691 ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. 691 ಬಂತೆಂದರೆ ಒಂದು ಲೆಕ್ಕದಲ್ಲಿ ಸಂತೋಷಪಡಿ, ಲೈನಿನ ಕಂಟಕವೆಲ್ಲ ದಾಟಿದ್ದೀರಿ.

ಮೋಡೆಮೇ ಸತ್ತಿದೆಯೋ ಎಂಬ ಅನುಮಾನಕ್ಕೆ ಪ್ರಾಪರ್ಟೀಸ್‌ನ ಡಯಾಗ್ನಾಸ್ಟಿಕ್ಸ್ ಟ್ಯಾಬಿನಲ್ಲಿ ಕ್ವೆರಿ ಮೋಡೆಮ್ ಒತ್ತಿ. ಸಾಲುಸಾಲಾಗಿ ಉತ್ತರ ಬಂದರೆ ಮೋಡೆಮಿನ ಕಂಪ್ಯೂಟರ್ ಕಡೆಯ ಅರ್ಧ ಬದುಕಿದೆ. ಲೈನ್ ಕಡೆಯ ಅರ್ಧ ಬೇರೆಯೇ. ಡಿಜಿಟಲ್ ಜ್ಯಾಕಿಗೆ ಹಾಕಿ ಸುಟ್ಟ ಮೋಡೆಮ್ ಕ್ವೆರಿಗೆ ಸೊಗಸಾಗಿ ಉತ್ತರಿಸುತ್ತದೆ, ಆದರೆ ಯಾವ ಮನೆಯ ಲೈನಿಗೆ ಹಾಕಿದರೂ ಡಯಲ್‌ಟೋನ್ ಇಲ್ಲ ಎನ್ನುತ್ತದೆ. ಗೊತ್ತಿರುವ ಒಳ್ಳೆಯ ಲೈನಿನಲ್ಲಿ ಒಮ್ಮೆ ಪರೀಕ್ಷಿಸದೆ ಮೋಡೆಮ್ ಚೆನ್ನಾಗಿದೆ ಎನ್ನುವಂತಿಲ್ಲ.

ವೇಗ ಏಕೆ ಇಷ್ಟೇ

ಮನೆಯಲ್ಲಿ ಸೆಕೆಂಡಿಗೆ 45 ಕಿಲೋಬಿಟ್‌ಗಿಂತ ಮೇಲೆ ಕನೆಕ್ಟ್ ಆಗುವುದು ಆಫೀಸಿನಲ್ಲಿ 31.2 ಅಥವಾ 33.6ಕ್ಕೇ ನಿಲ್ಲುತ್ತದೆ. ಇದು ಕೆಟ್ಟಿರುವುದರ ಲಕ್ಷಣವಲ್ಲ, ಇಪಿಎಬಿಎಕ್ಸ್‌ನ ಸ್ವಭಾವ. ವಿ.90 ಎಂಬ 56ಕೆ ವಿಧಾನಕ್ಕೆ ಇಂಟರ್ನೆಟ್ ಕಂಪನಿಯಿಂದ ನಿಮ್ಮವರೆಗೆ ದಾರಿಯಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಬದಲಾವಣೆ ಇರಬೇಕು. ಡಿಜಿಟಲ್ ಸ್ವಿಚಿಂಗ್ ಇರುವ ಇಪಿಎಬಿಎಕ್ಸ್‌ಗೆ ಅನಲಾಗ್ ಟ್ರಂಕ್ ಬಂದಿದ್ದರೆ ಅದು ಸದ್ದನ್ನು ಮತ್ತೆ ಅಂಕಿಯಾಗಿಸಿ ಮತ್ತೆ ಸದ್ದಾಗಿಸುತ್ತದೆ. ಆ ಎರಡನೇ ಬದಲಾವಣೆಯ ಜೊತೆ ವಿ.90 ಬದುಕುವುದಿಲ್ಲ, ಮೋಡೆಮ್ ವಿ.34ಕ್ಕೆ, ಅಂದರೆ 33.6ರ ಮಿತಿಯ ಹಳೇ ವಿಧಾನಕ್ಕೆ ಇಳಿಯುತ್ತದೆ. ಡೈರೆಕ್ಟ್ ಲೈನ್ ಹಾಕಿದರೆ ಮಾತ್ರ ಮೇಲೇರುತ್ತದೆ. ಇಂಥ ಕಡೆ 56ಕೆಗಾಗಿ ಹಟ ಹಿಡಿದು ಪದೇ ಪದೇ ಬೀಳುವುದಕ್ಕಿಂತ ಮೋಡೆಮನ್ನು ವಿ.34ಕ್ಕೇ ಕಟ್ಟಿಹಾಕುವುದು ಮೇಲು. ಹಲವು ಮೋಡೆಮ್‌ಗಳಲ್ಲಿ ಅದಕ್ಕೆ ಎಟಿ+ಎಂಎಸ್=ವಿ34 ಎಂಬ ಆಜ್ಞೆ; ಎಕ್ಸ್‌ಪಿಯಲ್ಲಿ ಅಡ್ವಾನ್ಸ್ಡ್ ಟ್ಯಾಬಿನ ಎಕ್ಸ್‌ಟ್ರಾ ಇನಿಷಿಯಲೈಸೇಷನ್ ಪೆಟ್ಟಿಗೆಯಲ್ಲಿ ಬರೆಯಬಹುದು. 33.6ರಲ್ಲಿ 1 ಎಂಬಿ ಇಳಿಸಲು ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ವಿಂಡೋಸ್ 115200 ಎಂದು ತೋರಿಸಿದರೆ ಹಿಗ್ಗಬೇಡಿ, ಅದು ಕಂಪ್ಯೂಟರಿಗೂ ಮೋಡೆಮಿಗೂ ನಡುವಿನ ವೇಗ.

33.6ಕ್ಕಿಂತಲೂ ಕೆಳಗೆ, 19.2, 14.4 ಎಂದು ಇಳಿದರೆ ಸದ್ದು ಸೇರಿದೆ ಎಂದರ್ಥ. ಫೋನ್ ಎತ್ತಿ, ಒಂದು ಅಂಕಿ ಒತ್ತಿ ಟೋನ್ ನಿಲ್ಲಿಸಿ, ಕಿವಿಗೊಟ್ಟು ಕೇಳಿ. ಗುಂಯ್ ಎಂಬ ಒಂದೇ ಶ್ರುತಿ ಇದ್ದರೆ ಅದು 50 ಹರ್ಟ್ಸ್ ಕರೆಂಟಿನ ಗದ್ದಲ: ಟ್ಯೂಬ್‌ಲೈಟ್ ಚೋಕಿನ ಪಕ್ಕ ಅಥವಾ ಪವರ್ ವೈರಿನ ಜೊತೆ ಒಂದೇ ಕೇಸಿಂಗ್‌ನಲ್ಲಿ ಎಳೆದ, ಹೊಸೆಯದ ಚಪ್ಪಟೆ ತಂತಿ. ಹೊಸೆದ ಜೋಡಿಯ 0.5 ಎಂಎಂ ಟೆಲಿಫೋನ್ ಕೇಬಲ್ ಹಾಕಿದರೆ ಹೋಗುತ್ತದೆ. ಚಟಪಟ ಎಂದರೆ ಸಡಿಲ ಜೋಡಣೆ. ಗೋಡೆಯ ಜ್ಯಾಕಿನ ರೋಸೆಟ್ ಡಬ್ಬಿ ಬಿಚ್ಚಿ ನೋಡಿ, ಮಳೆಗಾಲದ ಬಳಿಕ ಸ್ಕ್ರೂಗಳು ಹಸಿರುಗಟ್ಟಿರುತ್ತವೆ. ಉಜ್ಜಿ, ತಂತಿಯ ತುದಿ ಹೊಸದಾಗಿ ಸುಲಿದು ಕಟ್ಟಿ. ತಂತಿ ಒತ್ತಿ ಕೂರಿಸುವ ಕ್ರೋನ್ ಮಾಡ್ಯೂಲಿನಲ್ಲಿ ಸ್ಕ್ರೂಡ್ರೈವರಿನಿಂದ ತುರುಕಿದ ತಂತಿಯೂ ಹೀಗೇ ಚಟಪಟಿಸುತ್ತದೆ, ಅದಕ್ಕೆ ಕ್ರೋನ್ ಟೂಲೇ ಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಗದ್ದಲದ ಮೂಲ, ಅದರಲ್ಲೂ ಅರ್ತ್ ಸರಿಯಿಲ್ಲದ ಸಾಕೆಟ್‌ನಲ್ಲಿ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ಡಯಲ್ ಮಾಡಿದರೆ ತಿಳಿಯುತ್ತದೆ. ಅದೇ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಕೂಡ ಇದ್ದರೆ ಮೋಡೆಮಿನ ಕೇಬಲ್ ಸ್ಪ್ಲಿಟರಿನ ಫೋನ್ ಎಂಬ ತೂತಿಗೆ ಬರಬೇಕು.

ನಡುವೆ ಕಡಿದುಹೋಗುವುದು

ಕನೆಕ್ಟ್ ಆದದ್ದು ಯಾವಾಗೆಂದರೆ ಆವಾಗ ಬಿದ್ದರೆ ಸದ್ದು ಅಥವಾ ಪ್ಯಾರಲಲ್ ಫೋನ್. ಅದೇ ಲೈನಿನ ಇನ್ನೊಂದು ಫೋನನ್ನು ಪಕ್ಕದ ಕೋಣೆಯಲ್ಲಿ ಯಾರೋ ಎತ್ತುತ್ತಾರೆ, ಸಂಪರ್ಕ ಮುಗಿಯಿತು. ಆದರೆ ಪ್ರತಿ ಸಲವೂ ಗಡಿಯಾರ ಇಟ್ಟಂತೆ ಅದೇ ನಿಮಿಷಕ್ಕೆ ಬಿದ್ದರೆ ಅದು ಇಪಿಎಬಿಎಕ್ಸ್‌ನ ಟೈಮರ್: ಹೊರಕರೆ ಇಂತಿಷ್ಟು ನಿಮಿಷ ಮೀರಿದರೆ ಕಡಿ ಎಂದು ಹಾಕಿರುತ್ತಾರೆ. ಆ ಎಕ್ಸ್‌ಟೆನ್ಷನ್ನಿಗೆ ಇದನ್ನು ತೆಗೆಸುವುದು ಮೊದಲೇ ಹೇಳಿದ ಎರಡು ಕೆಲಸಗಳಲ್ಲಿ ಒಂದು. ಇನ್ನೊಂದು, ಕಾಲ್ ವೇಟಿಂಗ್ ಬೀಪ್ ಮತ್ತು ನಡುವೆ ನುಗ್ಗುವ ಸೌಲಭ್ಯವನ್ನು ನಿಲ್ಲಿಸುವುದು. ಪ್ಯಾನಾಸೋನಿಕ್‌ನಲ್ಲಿ ಇದಕ್ಕೆ ಡೇಟಾ ಲೈನ್ ಸೆಕ್ಯುರಿಟಿ ಎಂಬ ಹೆಸರಿದೆ. ಬೀಪಿನ ಕ್ಷಣಿಕ ತಡೆಯನ್ನು ತಾಳಿಕೊಳ್ಳಲು ಮೋಡೆಮಿನ ಎಸ್10 ರಿಜಿಸ್ಟರನ್ನೂ ಬೆಳೆಸಬಹುದು. ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಸಾಮಾನ್ಯವಾಗಿ 14 ಇರುತ್ತದೆ. 50 ಎಂದರೆ 5 ಸೆಕೆಂಡ್ ಕಾಯುತ್ತದೆ.

ಈಗಿನ ಆಫೀಸುಗಳಲ್ಲಿ ಅನಲಾಗ್ ಪೋರ್ಟ್ ಎಂದು ಕೊಡುವುದು ಬಹುಪಾಲು ಐಪಿ ಗೇಟ್‌ವೇಯ (ನೆಟ್‌ವರ್ಕ್ ಮೂಲಕ ಕರೆ ಸಾಗಿಸುವ ಡಬ್ಬಿಯ) ಎಫ್‌ಎಕ್ಸ್‌ಎಸ್ ಪೋರ್ಟ್, ಅಂದರೆ ಸಾದಾ ಫೋನ್ ಹಾಕುವ ತೂತು. ಅಲ್ಲಿ ಡಯಲ್‌ಟೋನ್ ಚೆನ್ನಾಗಿರುತ್ತದೆ, ಮಾತೂ ಸ್ಪಷ್ಟ, ಮೋಡೆಮ್ ಮಾತ್ರ ನಿಲ್ಲುವುದಿಲ್ಲ. ಕೋಡೆಕ್ (ಧ್ವನಿಯನ್ನು ಅಂಕಿಯಾಗಿಸುವ ವಿಧಾನ) ಜಿ.711 ಆಗಿರಬೇಕು, ಮಾತಿಗೆಂದು ಹಿಂಡಿ ಕಳಿಸುವ ಜಿ.729ರಲ್ಲಿ ಮೋಡೆಮಿನ ಸದ್ದು ಉಳಿಯುವುದಿಲ್ಲ. ಮೌನವನ್ನು ಕಳಿಸದೆ ಉಳಿಸುವ ಸೌಲಭ್ಯವನ್ನೂ ಎಕೋ ಕ್ಯಾನ್ಸಲರನ್ನೂ ಆ ಪೋರ್ಟಿಗೆ ಬಂದ್ ಮಾಡಿಸಿ, ಜಿಟರ್ ಬಫರನ್ನು (ಏರುಪೇರಾಗಿ ಬರುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಜಾಗ) ಸ್ಥಿರ ಅಳತೆಗೆ ಹಾಕಿಸಿ. ಇಷ್ಟಾದರೂ 14.4 ಅಥವಾ 9.6ಕ್ಕೆ ಇಳಿಸಿ ಓಡಿಸುವುದೇ ಜಾಣತನ, ಉದ್ದದ ಕರೆ ನಂಬುವಂತಿಲ್ಲ.

ಏನು ಮಾಡಿದರೂ ಇಪಿಎಬಿಎಕ್ಸ್ ಮೋಡೆಮಿನ ಡಯಲಿಂಗ್ ಒಪ್ಪದಿದ್ದರೆ ಕೈಯಿಂದ ಡಯಲ್ ಮಾಡಿ. ಒಂದು ಸಾದಾ ಫೋನನ್ನು ಅದೇ ಜ್ಯಾಕಿಗೆ ಪ್ಯಾರಲಲ್ ಹಾಕಿ, ನಂಬರ್ ಒತ್ತಿ, ಆ ಕಡೆಯ ಕೀಚು ಧ್ವನಿ ಕೇಳಿದ ತಕ್ಷಣ ಮೋಡೆಮಿಗೆ ಆಜ್ಞೆ ಕೊಡುವ ಹೈಪರ್‌ಟರ್ಮಿನಲ್ ಪ್ರೋಗ್ರಾಂನಲ್ಲಿ ಎಟಿಎಕ್ಸ್1ಡಿ ಎಂದು ಎಂಟರ್ ಒತ್ತಿ, ಮೋಡೆಮ್ ಮಾತು ಶುರುಮಾಡಿದಾಗ ರಿಸೀವರ್ ಇಟ್ಟುಬಿಡಿ. ಎಕ್ಸ್‌ಪಿಯ ಕನೆಕ್ಷನ್‌ನಿಂದಲೇ ಇದನ್ನು ಮಾಡಲು ನೆಟ್‌ವರ್ಕ್ ಕನೆಕ್ಷನ್ಸ್ ಕಿಟಕಿಯ ಅಡ್ವಾನ್ಸ್ಡ್ ಮೆನುವಿನಲ್ಲಿ ಆಪರೇಟರ್ ಅಸಿಸ್ಟೆಡ್ ಡಯಲಿಂಗ್ ಇದೆ. ಲಿನಕ್ಸ್‌ನಲ್ಲಿ ಮಿನಿಕಾಂ ಸಾಕು. ಡಬ್ಲ್ಯೂವಿಡಯಲ್ ಬಳಸುವವರು ಅದರ ಕಾನ್ಫಿಗ್ ಫೈಲಿನ ಇನಿಟ್2 ಸಾಲಿನಲ್ಲಿ ಎಟಿಎಕ್ಸ್3 ಬರೆದು, ಕ್ಯಾರಿಯರ್ ಚೆಕ್ ಅನ್ನು 'ನೋ' ಮಾಡಲಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ, ಸ್ವಿಚ್ ಆರಿಸಿದ್ದರೂ ಫೋನ್ ಕೇಬಲ್ ಜ್ಯಾಕಿನಲ್ಲಿದ್ದರೆ ಮೋಡೆಮಿಗೆ ಸಿಡಿಲಿನ ಪೆಟ್ಟು ಬೀಳಬಹುದು. ಕೆಲಸ ಮುಗಿದ ಮೇಲೆ ಕೇಬಲ್ ಕೀಳಿ. ಲ್ಯಾಪ್‌ಟಾಪ್ ಹ್ಯಾಂಗ್ ಆದಾಗಲೂ ಅಷ್ಟೇ: ಪರದೆ ಸತ್ತರೂ ಮೋಡೆಮ್ ಲೈನ್ ಹಿಡಿದೇ ಇರಬಹುದು, ಟ್ರಂಕ್ ಬಿಡುಗಡೆಯಾಗುವುದಿಲ್ಲ, ಮೀಟರ್ ಓಡುತ್ತಲೇ ಇರುತ್ತದೆ. ಕೇಬಲ್ ಕಿತ್ತು, ಸಾದಾ ಫೋನ್ ಹಾಕಿ ಎತ್ತಿ, ಒಳಟೋನ್ ಬಂತೇ ಎಂದು ನೋಡಿ.